ಲಿಬ್ಬಿ ತನ್ನ ಕೈ ಮೇಲೆ ಕೂರುವ ಹೊತ್ತು

ನಮ್ಮೂರಲ್ಲಿ ಒಂದು ಹುಡುಗಿಗೆ ಕಸರತ್ತು ನಿಜವಾಗಿ ಬಂತೋ ಇಲ್ಲವೋ ತಿಳಿಯಬೇಕಾದರೆ ಹುಡುಗಿಯನ್ನು ನೋಡಬಾರದು, ಲಿಬ್ಬಿ ವೊಂದ್ರಾಚೆಕ್‌ಳನ್ನು ನೋಡಬೇಕು. ಹುಡುಗಿ ಬೀಮಿನ ಮೇಲೆ, ಅಂದರೆ ಎದೆಮಟ್ಟಕ್ಕಿರುವ ಅಂಗೈ ಅಗಲದ ಆ ತೊಲೆಯ ಮೇಲೆ, ಹಿಂದಕ್ಕೆ ಲಾಗ ಹಾಕಲು ನಿಂತಿರುತ್ತಾಳೆ. ಪಕ್ಕದಲ್ಲಿ ಲಿಬ್ಬಿ ಕೈಚಾಚಿ ನಿಂತಿದ್ದರೆ ಇನ್ನೂ ಆಗಿಲ್ಲ ಅಂತ. ಆಕೆ ಹಿಂದೆ ಸರಿದು, ತನ್ನ ಮಡಚುವ ಕುರ್ಚಿ ಎಳೆದುಕೊಂಡು, ಎರಡೂ ಅಂಗೈಯನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತುಬಿಟ್ಟಳೋ, ಕಸರತ್ತಿನ ಹಾಲ್‌ನಲ್ಲಿರುವ ಮಕ್ಕಳೆಲ್ಲ ಮಾಡುತ್ತಿದ್ದದ್ದನ್ನು ಬಿಟ್ಟು ತಿರುಗುತ್ತಾರೆ.

"ಏಯ್, ಮಿಸ್ ಲಿಬ್ಬಿ ಕೈ ಮೇಲೆ ಕೂತ್ರು ಕಣ್ರೇ!"

ಆಮೇಲೆ ಎಲ್ಲರ ಕಣ್ಣೂ ತೊಲೆಯ ಮೇಲೆ.

ಯಾಕೆ ಹೀಗೆ ಅಂತ ಒಮ್ಮೆ ನಾನು ಕೇಳಿದ್ದೆ. "ಕೈ ಸುಮ್ನಿರಲ್ಲ ಮಿಲೋ," ಅಂದಳು. "ಮಗು ಚೂರು ಅಲುಗಿದ್ರೆ ಸಾಕು, ನನ್ನ ಕೇಳ್ದೇನೇ ಓಡುತ್ತೆ. ಕೈ ಇದೆ ಅಂತ ಮಗುವಿಗೆ ಗೊತ್ತಾದ್ರೆ ಅದು ಅರ್ಧ ಭಾರ ನನ್ನ ಮೇಲೇ ಹಾಕುತ್ತೆ. ನಮ್ಮಪ್ಪನೂ ಹೀಗೇ ಕೂರ್ತಿದ್ದ."

ಆ ಕೈಗಳನ್ನು ನೀವು ನೋಡಬೇಕು. ನಾನು ಕಬ್ಬಿಣ ಬೆಸೆಯುವವನು, ಕಾಳು ತುಂಬುವ ಕಣಜಗಳನ್ನೂ ದನದ ಗೇಟುಗಳನ್ನೂ ರಿಪೇರಿ ಮಾಡಿ ಬದುಕುವವನು. ನನ್ನದಕ್ಕಿಂತ ಆಕೆಯ ಬೆರಳ ಗೆಣ್ಣು ದಪ್ಪ. ಎಡಗೈ ಹೆಬ್ಬೆರಳು ಯಾವುದೋ ಕಾಲದಲ್ಲಿ ಯಾವಳದೋ ಮೊಣಕಾಲಿಗೆ ಸಿಕ್ಕಿ ಮುರಿದು, ಸೊಟ್ಟಗೇ ಕೂಡಿಕೊಂಡಿದೆ. ಅಮೆರಿಕದ ನೆಬ್ರಾಸ್ಕಾದ ಈ ಮೂಲೆಯಲ್ಲಿ, ನಮ್ಮೂರು ನೋವಾ ಲೀಪಾದಲ್ಲಿ, ತಲೆಕೆಳಗಾದ ಮಕ್ಕಳಲ್ಲಿ ಆ ಕೈಗಳು ಹಿಡಿಯದ ಸೊಂಟವಿಲ್ಲ. ನನ್ನ ಅಕ್ಕನದ್ದು ಹಿಡಿದಿದ್ದವು, ಆಮೇಲೆ ನನ್ನ ಮಗಳದ್ದು.

ಲಿಬ್ಬಿಯ ಅಪ್ಪ ಮಾಂಸದಂಗಡಿಯವನು. ಸಂಜೆ ಸೊಕೊಲ್ ಹಾಲ್‌ನಲ್ಲಿ, ಅಂದರೆ ಚೆಕ್ ಜನರ ಕಸರತ್ತಿನ ಸಂಘದ ಹಾಲ್‌ನಲ್ಲಿ, ಮಕ್ಕಳಿಗೆ ಕಲಿಸುತ್ತಿದ್ದ. ನಮ್ಮ ಮುತ್ತಜ್ಜಂದಿರು ಚೆಕ್ ನಾಡಿನಿಂದ ಬಂದು ಮೊದಲು ಇಗರ್ಜಿ ಕಟ್ಟಲು ಶುರುಮಾಡಿದರು, ಅದು ಮುಗಿಯುವ ಮುಂಚೆಯೇ ಆ ಹಾಲ್ ಕಟ್ಟಿದರು. ಈಗಲೂ ಶನಿವಾರ ಮಕ್ಕಳು ಜೋತಾಡುವ ಮರದ ಬಾರುಗಳನ್ನು ಗೋಡೆಗೆ ಸರಿಸಿ ಅದೇ ನೆಲದ ಮೇಲೆ ಪೋಲ್ಕಾ ಕುಣಿಯುತ್ತೇವೆ. ಸೋಮವಾರ ಮಕ್ಕಳು ಬಂದಾಗ, ಜಾರದಂತೆ ಅಂಗೈಗೆ ಹಚ್ಚುವ ಚಾಕ್ ಪುಡಿಯ ಜೊತೆ ಬಿಯರಿನ ವಾಸನೆ ಇದ್ದೇ ಇರುತ್ತದೆ. ಲಿಬ್ಬಿ ಬೆಳಿಗ್ಗೆ ಹೊಲಗಳ ದಾರಿಯಲ್ಲಿ ಅಂಚೆ ಹಂಚುತ್ತಿದ್ದಳು, ಮಧ್ಯಾಹ್ನದ ಮೇಲೆ ಹಾಲಿಗೆ ಬರುತ್ತಿದ್ದಳು. ಮದುವೆಯಾಗಲಿಲ್ಲ. ಯಾರಾದರೂ ಅದನ್ನು ಎತ್ತಿದರೆ, "ಊರಿನ ಮಕ್ಕಳನ್ನೆಲ್ಲ ಎತ್ತಿ ಎತ್ತಿ ತೋಳು ಬಿದ್ದುಹೋಗಿದೆ, ಗಂಡನ್ನೂ ಎತ್ತಲಾ?" ಅನ್ನುತ್ತಿದ್ದಳು.

ನನ್ನ ಮಗಳು ಟಿಲ್ಡಾ ಆಕೆಯ ಕೈಗೆ ಸಿಕ್ಕಿದ್ದು ಅಂಚೆಯ ದೆಸೆಯಿಂದ. ಮಗು ಆಗಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ನಾನು ಶೆಡ್ಡಿನಲ್ಲಿ ಬೆಸುಗೆಯ ಟಾರ್ಚು ಹಿಡಿದಿದ್ದೆ. ಹೊರಗೆ ಬಂದು ನೋಡಿದರೆ ಕಣಜದ ಏಣಿಯ ತುತ್ತತುದಿಯಲ್ಲಿ ಒಂದೇ ಕೈಯಲ್ಲಿ ಜೋತುಬಿದ್ದು ನನಗೆ ಟಾಟಾ ಮಾಡುತ್ತಿದೆ. ನಾನು ಕೂಗಿದ ಕೂಗಿಗೆ ಪಕ್ಕದ ಹೊಲದ ದನಗಳು ಎದ್ದು ನಿಂತವು. ಅಷ್ಟರಲ್ಲಿ ಅಂಚೆಯ ಗಾಡಿ ಬಂದು ನಿಂತಿತು.

"ಬಾಯ್ಮುಚ್ಚು ಮಿಲೋ," ಅಂದಳು ಲಿಬ್ಬಿ, ಇಳಿಯುತ್ತ. "ಅವಳಿಗೆ ಹೆದರಿಕೆ ಇಲ್ಲ, ನೀನು ಯಾಕೆ ಹೊಸದಾಗಿ ಕಲಿಸ್ತೀಯ?" ಆಮೇಲೆ ಮೇಲಕ್ಕೆ ನೋಡಿ, ಅಂಗಡಿಯಲ್ಲಿ ಸಿಕ್ಕವರನ್ನು ಮಾತಾಡಿಸುವ ದನಿಯಲ್ಲಿ, "ಏನಮ್ಮಾ, ಹತ್ತೋದು ಗೊತ್ತಾಯ್ತು. ಇಳಿಯೋದು ಗೊತ್ತಾ?" ಅಂದಳು.

"ಇಲ್ಲ," ಅಂದಳು ಟಿಲ್ಡಾ.

"ಸೋಮವಾರ ಬಾ, ಹೇಳ್ಕೊಡ್ತೀನಿ. ಈಗ ನಾನೇ ಬರ್ತೀನಿ, ಅಲ್ಲೇ ಇರು."

ಆ ಚಳಿಗಾಲದವರೆಗೂ ಲಿಬ್ಬಿ ನನ್ನ ಮಗಳಿಗೆ ಕಲಿಸಿದ್ದು ಒಂದೇ: ಬೀಳುವುದು. ಮುಂದಕ್ಕೆ ಬೀಳು, ಹಿಂದಕ್ಕೆ ಬೀಳು, ಪಕ್ಕಕ್ಕೆ ಬಿದ್ದು ಉರುಳು, ಎದ್ದು ನಗು. ಬೇರೆ ಊರಿನ ಮಕ್ಕಳು ಆಗಲೇ ಹೊಳೆಯುವ ಬಟ್ಟೆ ಹಾಕಿಕೊಂಡು ಮೆಡಲು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ಮಗಳು ಮೆತ್ತೆಯ ಮೇಲೆ ಆಲೂಗಡ್ಡೆ ಮೂಟೆಯ ಹಾಗೆ ದೊಪ್ಪನೆ ಬೀಳುತ್ತಿದ್ದಳು. ನನಗೆ ಸಿಟ್ಟು ಬಂದಿತ್ತು. ಆದರೆ ವರ್ಷಗಳು ಕಳೆದ ಹಾಗೆ ಅವಳು ಗಾಳಿಯಲ್ಲಿ ಏನೇನು ಮಾಡಲು ಶುರುಮಾಡಿದಳೋ ಅದನ್ನು ನೋಡಿದವನಿಗೆ ಸಿಟ್ಟು ನಿಲ್ಲುವುದಿಲ್ಲ. ಕಬ್ಬಿಣವನ್ನು ಬಗ್ಗಿಸಲು ನನಗೆ ಬೆಂಕಿ ಬೇಕು. ಈ ಹುಡುಗಿ ತನ್ನ ಮೈಯನ್ನು ಬರೀ ಉಸಿರಿನಿಂದ ಬಗ್ಗಿಸುತ್ತಿದ್ದಳು.

ಟಿಲ್ಡಾಗೆ ಹದಿಮೂರು ತುಂಬಿದ ವಸಂತದಲ್ಲಿ ತೊಡಕು ಶುರುವಾಯಿತು.

ಈ ಆಟದಲ್ಲಿ ಹತ್ತು ಮೆಟ್ಟಿಲಿವೆ, ಲೆವೆಲ್ ಅನ್ನುತ್ತಾರೆ. ಹತ್ತರ ಆಚೆ ಎಲೀಟ್, ದೇಶದ ತಂಡಕ್ಕೆ ಆಡಬೇಕೆನ್ನುವವರ ದಾರಿ. ಪಕ್ಕದಲ್ಲಿ ಎಕ್ಸೆಲ್ ಅಂತ ಒಂದು ಸಲೀಸು ದಾರಿಯೂ ಇದೆ. ಅಭ್ಯಾಸ ಕಡಿಮೆ, ಉಳಿದ ಹೊತ್ತು ವಾಲಿಬಾಲೋ ಕರು ಸಾಕುವ ಕ್ಲಬ್ಬೋ, ನಿಮ್ಮಿಷ್ಟ. ಟಿಲ್ಡಾ ಎಂಟು ಮುಗಿಸಿ ಒಂಬತ್ತಕ್ಕೆ ಕಾಲಿಟ್ಟಿದ್ದಳು. ಒಮಾಹಾ ನಗರದ ಒಂದು ದೊಡ್ಡ ಜಿಮ್ಮಿನ ಕೋಚ್ ಬ್ರೆಂಟ್ ಅನ್ನುವವನು ಅವಳನ್ನು ಎಲ್ಲೋ ನೋಡಿ, ಕರೆಸಿ, ಪರೀಕ್ಷೆ ಮಾಡಿ, ನನ್ನನ್ನೂ ನನ್ನ ಹೆಂಡತಿ ಲೊರೇನ್‌ಳನ್ನೂ ಕೂರಿಸಿಕೊಂಡ.

"ನೋಡಿ, ಇಂಥ ಹುಡುಗಿ ದಿನಾ ಬರಲ್ಲ," ಅಂದ. "ಎಲೀಟ್ ಆಗ್ಬೇಕು ಅಂದ್ರೆ ಈಗ್ಲೇ. ಬೆಳಿಗ್ಗೆನೂ ಅಭ್ಯಾಸ, ಮಧ್ಯಾಹ್ನಾನೂ ಅಭ್ಯಾಸ. ಸ್ಕೂಲು ಕಂಪ್ಯೂಟರಲ್ಲಿ ಮಾಡ್ಕೋತಾಳೆ. ವಾರವೆಲ್ಲ ಇಲ್ಲೇ ನಮ್ಮ ಇನ್ನೊಂದು ಹುಡುಗಿ ಮನೇಲಿ ಇರ್ಲಿ. ಈ ತಿಂಗಳೊಳಗೆ ಹೇಳಿ."

"ಲಿಬ್ಬಿ ಹತ್ರಾನೇ ಇದ್ರೆ?" ಅಂತ ಲೊರೇನ್ ಕೇಳಿದಳು.

ಬ್ರೆಂಟ್ ಕೆಟ್ಟವನಲ್ಲ. ಸ್ವಲ್ಪ ಯೋಚಿಸಿಯೇ ಹೇಳಿದ. "ಲಿಬ್ಬಿ ಅಂದ್ರೆ ನಮಗೆಲ್ಲ ಗೌರವ. ಆದ್ರೆ ಅವರ ಹಾಲಲ್ಲಿ ಗುಂಡಿ ಇಲ್ಲ. ಹತ್ತನೇ ಲೆವೆಲ್ಲಲ್ಲಿ ಲಾಗ ಹಾಕಿ ಕೆಳಗಿಳಿಯೋದನ್ನ ಬರೀ ಮೆತ್ತೆ ಮೇಲೆ ಕಲಿಯಕ್ಕೆ ಹೋದ್ರೆ ಕಾಲು ಉಳಿಯಲ್ಲ."

ಗುಂಡಿ ಅಂದರೆ ನೆಲದಲ್ಲಿ ತೋಡಿ ಸ್ಪಂಜಿನ ತುಂಡು ತುಂಬಿದ ಹೊಂಡ. ಹೊಸ ಲಾಗ ಕಲಿಯುವಾಗ ಮಕ್ಕಳು ಅದರೊಳಗೆ ಬೀಳುತ್ತಾರೆ.

ನನ್ನ ತಲೆಯಲ್ಲಿ ಲೆಕ್ಕ ಸರಳವಾಗಿತ್ತು. ಟಿಲ್ಡಾಗೆ ದನದ ಡಾಕ್ಟರಾಗಬೇಕು. ಕರು ಹಾಕಿಸುವಾಗ ನಮ್ಮ ಪಶುವೈದ್ಯೆಗೆ ದೀಪ ಹಿಡಿದ ದಿನದಿಂದ ಅದೇ ಮಾತು. ಅದಕ್ಕೆ ಕಾಲೇಜು ಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ನೋಡಿದವರಿಲ್ಲ, ನಮ್ಮ ದುಡಿಮೆಯಲ್ಲಿ ಅದು ಆಗುವ ಮಾತೂ ಅಲ್ಲ. ಕಾಲೇಜಿನ ಕಸರತ್ತಿನ ತಂಡದವರು ಅವಳನ್ನು ಆರಿಸಿಕೊಂಡರೆ ಓದಿನ ಖರ್ಚು ಅವರದ್ದೇ. ಹಾಗಾದ್ರೆ ಎಷ್ಟು ಮೇಲೆ ಹತ್ತಿದರೆ ಅಷ್ಟು ಹತ್ತಿರ, ಅಲ್ಲವೇ? ತಪ್ಪು ದಾರಿ ಹಿಡಿದರೆ ಹುಡುಗಿಗೆ ಕಾಲೂ ಇಲ್ಲ, ಕಾಲೇಜೂ ಇಲ್ಲ.

ಭಾನುವಾರ ಅಡುಗೆಮನೆಯಲ್ಲಿ ಜಗಳ. ಲೊರೇನ್ ಸ್ಕೂಲಿನ ಅಡುಗೆಯವಳು. ಇನ್ನೂರು ಮಕ್ಕಳ ಗದ್ದಲದಲ್ಲಿ ದನಿ ಏರಿಸದೆ ಕೆಲಸ ಮಾಡಿ ಅಭ್ಯಾಸ.

"ಹದಿಮೂರರ ಹುಡುಗಿನ ಬೇರೆಯೋರ ಮನೇಲಿ ಬಿಡಲ್ಲ," ಅಂದಳು. "ಎಕ್ಸೆಲ್‌ಗೇ ಹಾಕೋಣ. ಊಟ ಮಾಡ್ಲಿ, ನಿದ್ದೆ ಮಾಡ್ಲಿ."

"ಎಕ್ಸೆಲ್‌ಗೆ ಹಾಕಿದ್ರೆ ಯಾವ ಕಾಲೇಜಿನೋರು ಬಂದು ನೋಡ್ತಾರೆ? ನಿನ್ನ ಆಲೂಗಡ್ಡೆ ಸಾರು ಕುಡಿಯಕ್ಕೆ ಬರ್ತಾರಾ?"

"ಕೂಗಬೇಡ. ಸಾರಿಗೆ ಏನಾಗಿದೆ?"

ಅವಳ ತಮ್ಮ ಕ್ಲೀಟ್ ಗಸಗಸೆ ತುಂಬಿದ ಸಿಹಿ ಬನ್ನು ಕೊಲಾಚಿಯನ್ನು ಬಾಯಿಗೆ ತುಂಬಿಕೊಂಡು ಕೂತಿದ್ದ. ಪ್ರತಿ ಭಾನುವಾರ ಅವನಿಗೆ ಊಟ ಇಲ್ಲೇ. "ಭಾವಾ, ಓದಿನ ವಿಷಯ ನೀನು ಮಾತಾಡ್ಬೇಡ," ಅಂದ. "ಒಂಬತ್ತನೇ ಕ್ಲಾಸಲ್ಲಿ ಸ್ಕೂಲಿಂದ ಹೊರಗೆ ಹಾಕಿಸ್ಕೊಂಡ್ಯಲ್ಲ, ಈ ಮನೆತನದಲ್ಲಿ ಹಿಂದಕ್ಕೆ ಹಾಕಿದ ಮೊದಲನೇ ಲಾಗ ಅದು."

ಲೊರೇನ್‌ಗೂ ನಗು ಬಂತು. ನನಗೆ ಬರಲಿಲ್ಲ. ಕುರ್ಚಿ ದೂಡಿ ಎದ್ದೆ. ಆಗ ನೋಡಿದರೆ ಟಿಲ್ಡಾ ಮೇಜಿನಲ್ಲಿರಲಿಲ್ಲ. ಅವಳು ಯಾವಾಗ ಎದ್ದುಹೋದಳು ಅಂತ ನಮ್ಮಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಕಿಟಕಿಯಾಚೆ ಕರುವಿನ ಕೊರಳು ತುರಿಸುತ್ತ ನಿಂತಿದ್ದಳು.

ನಾನು ಸೀದಾ ಹಾಲಿಗೆ ಹೋದೆ. ಲಿಬ್ಬಿ ಮರದ ಬಾರನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಮಕ್ಕಳ ಅಂಗೈ ಕಿತ್ತುಬರದಂತೆ ವಾರಕ್ಕೊಮ್ಮೆ ಆಕೆಯೇ ಉಜ್ಜಬೇಕು, ಬೇರೆಯವರನ್ನು ನಂಬುವುದಿಲ್ಲ.

"ಯಾವ್ದು ಹೇಳಿ," ಅಂದೆ ಬಾಗಿಲಿನಿಂದಲೇ. "ಎಲೀಟಾ, ಇಲ್ಲೇನಾ, ಎಕ್ಸೆಲ್ಲಾ? ಒಂದೇ ಮಾತಲ್ಲಿ ಹೇಳಿ, ಮಾಡ್ಬಿಡ್ತೀನಿ."

"ಕೂಗಿದ್ರೆ ಬಾರು ನುಣುಪಾಗಲ್ಲ. ಬಾ, ಆ ತುದಿ ಹಿಡ್ಕೋ."

ಹಿಡಿದುಕೊಂಡೆ. ಉಜ್ಜುತ್ತಲೇ ಹೇಳಿದಳು. "ಬ್ರೆಂಟ್ ಸುಳ್ಳು ಹೇಳೋನಲ್ಲ. ಎಲೀಟ್ ಹೋಗೋ ಶಕ್ತಿ ಅವಳಿಗಿದೆ. ಆದ್ರೆ ಕಾಲೇಜಿನೋರಿಗೆ ಹತ್ತನೇ ಲೆವೆಲ್ಲು ಚೆನ್ನಾಗಿದ್ರೆ ಸಾಕು. ಹದಿನೆಂಟರಲ್ಲೂ ಗಟ್ಟಿಯಿರೋ ಕಾಲು, ಪಾಸಾಗಿರೋ ಪಾಠ, ಬೇರೆಯೋಳು ಗೆದ್ದಾಗ ಚಪ್ಪಾಳೆ ಹೊಡೆಯೋ ಕೈ. ಇಷ್ಟು ಅವರಿಗೆ ಬೇಕು. ಎಲೀಟಿಂದ ಕಾಲೇಜಿಗೆ ಹೋದೋರನ್ನೂ ನೋಡಿದೀನಿ, ಹದಿನಾರಕ್ಕೆ ಸೊಂಟ ಹಿಡ್ಕೊಂಡು ವಾಪಸ್ ಬಂದೋರನ್ನೂ ನೋಡಿದೀನಿ. ಯಾರು ಯಾವ್ದಾಗ್ತಾರೆ ಅಂತ ನಂಗೆ ಮೊದಲೇ ಗೊತ್ತಾಗಲ್ಲ."

"ಅಂದ್ರೆ ಇಲ್ಲೇ ಇರ್ಲಿ ಅಂತೀರಿ."

"ಅನ್ನಲ್ಲ. ನನ್ನ ಹತ್ರ ಗುಂಡಿ ಇಲ್ಲ. ಒಂಬತ್ತು ದಾಟಿಸಕ್ಕೆ ನನ್ನ ಕೈಲಾಗಲ್ಲ."

"ಮತ್ತೆ ಏನಂತೀರಿ? ಏನಾದ್ರೂ ಅನ್ನಬೇಕಲ್ಲ!"

ಆಕೆ ಉಪ್ಪುಕಾಗದ ಕೆಳಗಿಟ್ಟಳು. ಕುರ್ಚಿ ಎಳೆದುಕೊಂಡಳು. ಎರಡೂ ಅಂಗೈ ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಳು.

ನನಗೆ ಮೈಯೆಲ್ಲ ಉರಿದುಹೋಯಿತು. "ನಾನೇನು ಬೀಮ್ ಮೇಲೆ ನಿಂತಿದೀನಾ?"

"ನಿಂತಿದೀಯ," ಅಂದಳು. "ನಿನ್ನ ಮಗಳೂ ನಿಂತಿದಾಳೆ. ಅವಳನ್ನ ಕೇಳಿದ್ಯಾ?"

ಆಕೆ ಗೋಡೆಯಲ್ಲಿದ್ದ ಹಳೆಯ ಫೋಟೋಗಳ ಕಡೆ ನೋಡುತ್ತ, ನನಗಲ್ಲದೆ ಯಾರಿಗೋ ಹೇಳುವಂತೆ ಹೇಳಿದಳು. "ಅವಳ ವಯಸ್ಸಲ್ಲಿ ನಾನೂ ಇದೇ ನೆಲದ ಮೇಲೆ ಹಾರ್ತಿದ್ದೆ. ಸ್ಕೂಲು ಮುಗೀತು. ಹುಡುಗರನ್ನ ಕಾಲೇಜಿನೋರು ಬಂದು ಕರ್ಕೊಂಡು ಹೋದ್ರು, ಹುಡುಗೀರನ್ನ ಕರೆಯೋ ಪದ್ಧತಿ ಇರ್ಲಿಲ್ಲ. ಹುಡುಗೀರಿಗೂ ಸಮ ಅವಕಾಶ ಕೊಡ್ಬೇಕು ಅಂತ ಮರುವರ್ಷ ಕಾನೂನು ಬಂತು. ಅಷ್ಟು ಹೊತ್ತಿಗೆ ನಾನು ಅಂಚೆ ಚೀಲ ಹೊತ್ತಿದ್ದೆ. ಯಾವ ದಾರಿ ಅಂತ ತಲೆ ಕೆಡಿಸ್ಕೊಳ್ಳೋಕೆ ನಂಗೆ ದಾರೀನೇ ಇರ್ಲಿಲ್ಲ ಮಿಲೋ. ಮೂರು ದಾರಿ ಇವೆ ಅಂತ ನೀನು ಕೂಗಾಡ್ತಿದೀಯ. ಕೇಳಕ್ಕೆ ಎಷ್ಟು ಚೆನ್ನಾಗಿದೆ ಗೊತ್ತಾ?"

ದೂರಿನ ದನಿಯಲ್ಲ ಅದು. ನಿಜಕ್ಕೂ ಚೆನ್ನಾಗಿದೆ ಅನ್ನುವ ದನಿ. ಅಷ್ಟು ವರ್ಷ ದಿನಾ ಕಂಡ ಹೆಂಗಸನ್ನು ನಾನು ಅವತ್ತು ಹೊಸದಾಗಿ ಕಂಡೆ. ತನಗೆ ಸಿಗದ ಬಾಗಿಲಿನವರೆಗೆ ಬೇರೆಯವರ ಮಕ್ಕಳನ್ನು ಸೊಂಟ ಹಿಡಿದು ಹಿಡಿದು ಕಳಿಸಿದ್ದಾಳೆ, ಕಹಿಯಿಲ್ಲದೆ. ನನಗಾಗಿದ್ದರೆ ಆ ಬಾಗಿಲನ್ನು ಒದ್ದು ಮುರಿದಿರುತ್ತಿದ್ದೆ.

ತಿಂಗಳ ಕೊನೆಗೆ ಕಾರ್ನಿ ಪಟ್ಟಣದಲ್ಲಿ ಸ್ಪರ್ಧೆಯಿತ್ತು. ಅದು ಮುಗಿದ ಮೇಲೆ ಬ್ರೆಂಟ್‌ಗೆ ಉತ್ತರ ಕೊಡಬೇಕು. ಅಂಥ ಕಡೆ ತಂದೆತಾಯಿಗಳೆಲ್ಲ ಮೆಟ್ಟಿಲ ಮೇಲೆ ಕೂತು ತಮ್ಮ ಮಕ್ಕಳ ಅಂಕವನ್ನು ಫೋನಿನಲ್ಲಿ ಒತ್ತುತ್ತಿರುತ್ತಾರೆ. ಅವರನ್ನು ಕಂಡರೆ ನನಗಾಗದು, ಅವತ್ತು ನಾನೂ ಒತ್ತುತ್ತಿದ್ದೆ. ಅಷ್ಟರಲ್ಲಿ ಕೆಳಗೆ, ಬೀಮಿಗೆ ನೇರ ಎದುರಲ್ಲಿ, ಒಬ್ಬ ಎತ್ತರದ ಹೆಂಗಸು ಬಂದು ಕೂತಳು. ಅಂಗಿಯ ಮೇಲೆ ಕಾಲೇಜಿನ ಗುರುತು. ಪಶುವೈದ್ಯ ಓದಿಸುವ ಕಾಲೇಜೇ ಅದು. ಅಕ್ಕಪಕ್ಕದ ಅಮ್ಮಂದಿರು ಮೊಣಕೈಯಲ್ಲಿ ತಿವಿದುಕೊಂಡರು: "ಆ ಕಾಲೇಜಿನ ಕೋಚ್!"

ನಾನು ಒಂದೇ ಉಸಿರಿಗೆ ಕೆಳಗಿಳಿದೆ.

"ನಮಸ್ಕಾರ. ನಾನು ಟಿಲ್ಡಾ ಕಾಸ್ಪರೆಕ್ ಅಪ್ಪ. ಈಗ ಬೀಮಿಗೆ ಬರ್ತಾಳಲ್ಲ, ಅವಳು. ಅವಳನ್ನ ಎಲೀಟ್‌ಗೆ ಹಾಕ್ಬೇಕಾ ಬೇಡ್ವಾ, ನೀವೇ ಒಂದು ಮಾತು ಹೇಳಿ."

ಆ ಹೆಂಗಸು ನನ್ನನ್ನು ನೋಡಿ ಮುಗುಳ್ನಕ್ಕಳು. "ನಮಸ್ಕಾರ," ಅಂದಳು. ಅಷ್ಟೇ. ಎದ್ದು, ಆಚೆ ಬದಿಗೆ ಹೋಗಿ ಗೋಡೆಗೆ ಒರಗಿ ನಿಂತಳು.

ನನ್ನ ಕಿವಿ ಬಿಸಿಯಾಯಿತು. ಅಂಗಿಯ ಮೇಲಿನ ಗ್ರೀಸಿನ ಕಲೆ ನೋಡಿದಳೋ, ನನ್ನ ಮಾತಿನ ಧಾಟಿ ಕೇಳಿದಳೋ! "ಓದಿದೋರಿಗೆ ನಾಲಿಗೆ ಇರಲ್ವಾ?" ಅಂತ ಅವಳ ಬೆನ್ನಿಗೆ ಕೇಳುವಂತೆ ಕೂಗಿದೆ. ತೀರ್ಪುಗಾರರೂ ತಿರುಗಿ ನೋಡಿದರು. ಲಿಬ್ಬಿ ಓಡಿಬಂದು ನನ್ನ ತೋಳು ಹಿಡಿದಳು. ಆ ಹಿಡಿತದಿಂದ ಬಿಡಿಸಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

"ಕತ್ತೆ!" ಅಂದಳು ಹಲ್ಲು ಕಚ್ಚಿಕೊಂಡು. "ಅವಳು ನಿನ್ನ ಹತ್ರ ಮಾತಾಡೋ ಹಾಗಿಲ್ಲ ಕಣೋ! ಹುಡುಗಿ ಹತ್ತನೇ ತರಗತಿ ಮುಗಿಸೋವರೆಗೂ ಕಾಲೇಜಿನೋರು ಮಗು ಹತ್ರಾನೂ ಮಾತಾಡ್ಬಾರ್ದು, ಮನೆಯೋರ ಹತ್ರಾನೂ ಮಾತಾಡ್ಬಾರ್ದು. ನಿಯಮ. ಮಾತಾಡಿದ್ರೆ ಅವಳಿಗೂ ತೊಂದ್ರೆ, ನಿನ್ನ ಮಗಳಿಗೂ ತೊಂದ್ರೆ. ಅದಕ್ಕೇ ಎದ್ದು ಹೋದ್ಲು, ನಿನ್ನ ಮಗಳನ್ನ ಉಳಿಸಕ್ಕೆ."

"ಮತ್ತೆ ಯಾಕೆ ಬಂದಿದಾಳೆ?"

"ನೋಡಕ್ಕೆ. ಅಷ್ಟು ದೂರದಿಂದ ಗಾಡಿ ಓಡಿಸ್ಕೊಂಡು ಬಂದು ಬೀಮ್ ಮುಂದೇನೇ ಕೂತ್ಲಲ್ಲ, ಅದಕ್ಕಿಂತ ಇನ್ನೇನು ಹೇಳ್ಬೇಕು ನಿಂಗೆ? ಹೋಗಿ ಕೂತ್ಕೋ. ಬಾಯಿ ಬಿಟ್ರೆ ಚಾಕ್ ಪುಡಿ ತುಂಬ್ತೀನಿ."

ಹೋಗಿ ಕೂತೆ. ಲೊರೇನ್ ನನ್ನ ಕಡೆ ನೋಡಲೂ ಇಲ್ಲ.

ತೀರ್ಪುಗಾರ್ತಿ ಕೈ ಎತ್ತಿದಳು. ಟಿಲ್ಡಾ ಎರಡೂ ತೋಳು ಮೇಲೆತ್ತಿ ವಂದಿಸಿ ಬೀಮೇರಿದಳು. ಲಿಬ್ಬಿ ಅಂಚಿನ ಕುರ್ಚಿಯಲ್ಲಿ ಕೈಗಳ ಮೇಲೆ ಕೂತಳು. ಮೊದಲ ಕುಣಿತ, ಸುತ್ತು, ಎಲ್ಲ ನೀರಿನಂತೆ. ಆಮೇಲೆ ಬೆನ್ನು ಹಾಕಿ ನಿಂತಳು, ಒಂದರ ಹಿಂದೊಂದು ಹಿಂದಕ್ಕೆ ಎರಡು ಲಾಗ. ಮೊದಲನೆಯದು ಚೆನ್ನಾಗಿ ಬಂತು. ಎರಡನೆಯದಕ್ಕೆ ಒಂದು ಪಾದ ತೊಲೆಯ ಅಂಚಿನಲ್ಲಿ ಜಾರಿತು.

ಬಿದ್ದಳು.

ಅಯ್ಯೋ ಅಂತ ಇಡೀ ಕಟ್ಟಡ ಉಸಿರೆಳೆಯಿತು. ನಾನು ಎದ್ದು ನಿಂತಿದ್ದೆ. ಆದರೆ ನನ್ನ ಮಗಳು ಬಿದ್ದದ್ದನ್ನು ಹೇಗೆ ಹೇಳಲಿ? ಬೀಳುತ್ತಿದ್ದ ಹಾಗೇ ಮೈ ಉಂಡೆಯಾಯಿತು, ಭುಜ ಮೆತ್ತೆಗೆ ತಾಗಿತು, ಒಂದು ಉರುಳು, ಎದ್ದು ನಿಂತಾಗಿತ್ತು. ಪುಟ್ಟ ಹುಡುಗಿಯಾಗಿ ಆಲೂಗಡ್ಡೆ ಮೂಟೆಯಂತೆ ಬಿದ್ದು ಬಿದ್ದು ಕಲಿತದ್ದೇ ಅದು. ಚಾಕ್ ಡಬ್ಬಿಗೆ ಹೋಗಿ ಅಂಗೈಗೆ ಪುಡಿ ಹಚ್ಚಿಕೊಂಡಳು. ಲಿಬ್ಬಿಯ ಕಡೆ ನೋಡಿದಳು. ಲಿಬ್ಬಿ ಕೈಗಳ ಮೇಲಿಂದ ಏಳಲಿಲ್ಲ. ಟಿಲ್ಡಾ ನಕ್ಕಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ನಗೆ. ಮತ್ತೆ ಏರಿದಳು. ಉಳಿದದ್ದೆಲ್ಲವನ್ನೂ, ಬಿದ್ದದ್ದು ಬೇರೆ ಯಾರೋ ಅನ್ನುವ ಹಾಗೆ, ಮಾಡಿ ಮುಗಿಸಿ ಇಳಿದಳು. ಅಂಕ ಹೋಯಿತು, ಮೆಡಲೂ ಹೋಯಿತು. ಮುಂದಿನ ಹುಡುಗಿ ಬೀಮೇರಿದಾಗ ಬದಿಯಲ್ಲಿ ನಿಂತು ಗಂಟಲು ಹರಿಯುವಂತೆ ಅವಳ ಹೆಸರು ಕೂಗುತ್ತಿದ್ದಳು ನನ್ನ ಮಗಳು.

ನಾನು ಆ ಎತ್ತರದ ಹೆಂಗಸಿನ ಕಡೆ ನೋಡಿದೆ. ಅವಳು ಗೋಡೆಗೆ ಒರಗಿದವಳು ಈಗ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಬೀಮನ್ನು ನೋಡುತ್ತಿರಲಿಲ್ಲ. ಬದಿಯಲ್ಲಿ ನಿಂತು ಕೂಗುತ್ತಿದ್ದ ಟಿಲ್ಡಾಳನ್ನು ನೋಡುತ್ತಿದ್ದಳು.

ಅಲ್ಲಿಯವರೆಗೆ ಈ ಆಟ ಬರೀ ಮೇಲೆ ಹೋಗುವುದು ಅಂತ ತಿಳಿದಿದ್ದೆ. ಎಷ್ಟು ಮೇಲೆ, ಯಾವ ಮೆಟ್ಟಿಲು. ಬಿದ್ದವಳು ಹೇಗೆ ಎದ್ದಳು, ಎದ್ದು ಯಾರಿಗಾಗಿ ಕೂಗಿದಳು ಅನ್ನುವುದನ್ನೂ ನೋಡಲು ಜನ ಬರುತ್ತಾರೆ ಅಂತ ಅವತ್ತು ಗೊತ್ತಾಯಿತು.

ವಾಪಸು ಬರುವಾಗ ಲೊರೇನ್ ನನ್ನ ಪಕ್ಕದಲ್ಲಿ ಕೂತಿದ್ದಳು, ಹಿಂದಿನ ಸೀಟಿನಲ್ಲಿ ಟಿಲ್ಡಾ ಎಲೆಕೋಸು ಮಾಂಸ ತುಂಬಿದ ಬನ್ನು ರನ್ಜಾ ತಿನ್ನುತ್ತಿದ್ದಳು.

"ಟಿಲ್ಡಾ," ಅಂದೆ. "ಮೂರು ದಾರಿ ಇದೆ. ನೀನೇನಂತೀಯ?"

ಅಗಿಯುವುದು ನಿಂತಿತು. "ನಿಜ್ವಾಗ್ಲೂ ಕೇಳ್ತಿದೀಯಾ ಅಪ್ಪಾ, ಇಲ್ಲಾ ಕೇಳಿದ ಹಾಗೆ ಮಾಡ್ತಿದೀಯಾ?"

"ಗಾಡಿ ಓಡಿಸ್ತಾ ನಾಟಕ ಆಡಕ್ಕಾಗಲ್ಲ. ನಿಜ್ವಾಗ್ಲೂನೇ."

"ಎಲೀಟ್ ಬೇಡ. ಎಕ್ಸೆಲ್ಲೂ ಬೇಡಮ್ಮಾ, ಸಾರಿ. ಹತ್ತರವರೆಗೂ ಹತ್ತಬೇಕು ನಂಗೆ. ಆದ್ರೆ ಸ್ಕೂಲಿಗೆ ಹೋಗ್ಬೇಕು. ಮುಂದಿನ ವರ್ಷ ಜೀವಶಾಸ್ತ್ರದಲ್ಲಿ ಕಪ್ಪೆ ಕೊಯ್ಸ್ತಾರೆ. ಕಂಪ್ಯೂಟರಲ್ಲಿ ಕಪ್ಪೆ ಕೊಯ್ದು ಏನು ಕಲೀಲಿ?" ಬೆರಳು ನೆಕ್ಕಿಕೊಂಡು ಹೇಳಿದಳು. "ಮಿಸ್ ಲಿಬ್ಬಿ ಹತ್ರಾನೇ. ಒಂದೇ ತೊಂದ್ರೆ, ಗುಂಡಿ ಇಲ್ಲ."

"ಗುಂಡಿ ತೋಡೋಕೆ ಕಾಲೇಜು ಓದಬೇಕಾಗಿಲ್ಲ," ಅಂದೆ ನಾನು.

ಲೊರೇನ್ ಕಿಟಕಿಯ ಕಡೆ ತಿರುಗಿಕೊಂಡಳು, ಆದರೆ ಅವಳ ಕೈ ಬಂದು ನನ್ನ ಭುಜದ ಮೇಲೆ ಕೂತಿತು.

ಸೊಕೊಲ್ ಹಾಲಿನ ಮುದುಕರ ಸಮಿತಿ ಮೊದಲು ಹಾರಾಡಿತು. "ನಮ್ಮಜ್ಜಂದಿರು ಹಾಸಿದ ಮೇಪಲ್ ಹಲಗೆ! ಪೋಲ್ಕಾ ಏನು ಗುಂಡಿಯೊಳಗೆ ಕುಣಿಯೋಣ್ವಾ?" ಕೆಳಗೆ ಕಲ್ಲಿದ್ದಲು ತುಂಬುತ್ತಿದ್ದ ಹಳೇ ಕೋಣೆ ಖಾಲಿ ಬಿದ್ದಿದೆ, ಅದರ ಮೇಲಿನ ನೆಲವನ್ನಷ್ಟೇ ಕೊಯ್ಯುತ್ತೇನೆ, ಶನಿವಾರ ಮುಚ್ಚಲು ಕಬ್ಬಿಣದ ಮುಚ್ಚಳ ಮಾಡಿಕೊಡುತ್ತೇನೆ ಅಂದೆ. ಆಗ ಲಿಬ್ಬಿ ಚಾಕಿನ ಗಟ್ಟಿ ತೆಗೆದುಕೊಂಡು ಮೊಣಕಾಲೂರಿದಳು. ಆಕೆಯ ಅಪ್ಪ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಜಾಗ ಅದು, ಊರಿಗೆಲ್ಲ ಗೊತ್ತು. ಕುರ್ಚಿಯ ಕಾಲುಗಳು ಹಲಗೆಯಲ್ಲಿ ಗುಳಿ ಬಿಟ್ಟಿದ್ದವು. ಆ ಗುಳಿಗಳನ್ನೂ ಒಳಗೆ ಸೇರಿಸಿಯೇ ದೊಡ್ಡ ಚೌಕ ಎಳೆದಳು.

"ಕೊಯ್ಯಿ," ಅಂದಳು.

ಗರಗಸ ಹಿಡಿದ ನನ್ನ ಕೈ ಒಂದು ಗಳಿಗೆ ಏಳಲಿಲ್ಲ. ಎಂಥ ಕಬ್ಬಿಣ ಕೊಯ್ಯುವಾಗಲೂ ನನಗೆ ಹಾಗಾದದ್ದಿಲ್ಲ.

ಊರಿನ ಹಳೇ ಹಾಸಿಗೆಗಳ ಸ್ಪಂಜನ್ನೆಲ್ಲ ಲೊರೇನ್ ಮತ್ತು ಅವಳ ಅಡುಗೆಮನೆಯ ಹೆಂಗಸರು ಬ್ರೆಡ್ಡು ಕೊಯ್ಯುವ ಚಾಕುವಿನಲ್ಲಿ ಚೌಕ ಚೌಕ ಕೊಯ್ದರು. ಕ್ಲೀಟ್ ಎಲ್ಲರಿಗಿಂತ ಮೊದಲು ಗುಂಡಿಗೆ ಹಾರಿ, ಹೊರಬರಲಾರದೆ, "ಭಾವಾ, ಹಗ್ಗ!" ಅಂತ ಕೂಗಿದ. ಅದೇ ಗುಂಡಿಯಲ್ಲಿ ಟಿಲ್ಡಾ ಒಂಬತ್ತು ಮುಗಿಸಿ ಹತ್ತಕ್ಕೆ ಬೇಕಾದ ಹಾಗೆ ಲಾಗ ಹಾಕಿ ಇಳಿಯುವುದನ್ನು ಕಲಿತಳು. ಒಮ್ಮೆ ಕಣಕಾಲು ಉಳುಕಿ ಒಂದಿಡೀ ಬೇಸಿಗೆ ಕಳೆದುಕೊಂಡಳು. ಕಪ್ಪೆಯನ್ನೂ ಕೊಯ್ದಳು. ಎಷ್ಟೋ ಸಂಜೆ ಲಿಬ್ಬಿ ಗುಂಡಿಯ ಅಂಚಿನಲ್ಲಿ ಕೈಚಾಚಿ ನಿಲ್ಲುತ್ತಿದ್ದಳು. ಕೊನೆಗೊಂದು ಸಂಜೆ ಗುಂಡಿ ಬಿಟ್ಟು ಗಟ್ಟಿ ಮೆತ್ತೆ ಹಾಸಿಸಿ, ಕುರ್ಚಿ ಎಳೆದುಕೊಂಡು ಕೂತಳು. ಗಾಳಿಯಲ್ಲಿ ಎರಡು ಸಲ ಮಗುಚಿ ನನ್ನ ಮಗಳ ಎರಡು ಪಾದ ನೆಲ ಮುಟ್ಟಿದ್ದು ಒಂದೇ ಸದ್ದಾಗಿ ಕೇಳಿತು. ಆಮೇಲೆ ಲಿಬ್ಬಿ ಬಹಳ ಹೊತ್ತು ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು.

ಆ ಎತ್ತರದ ಹೆಂಗಸು ಪ್ರತಿ ವರ್ಷ ಎಲ್ಲಾದರೂ ಒಂದು ಸ್ಪರ್ಧೆಗೆ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಅವಳೂ ತಲೆಯಾಡಿಸುತ್ತಿದ್ದಳು. ನಮ್ಮಿಬ್ಬರ ನಡುವೆ ಅಷ್ಟೇ.

ಟಿಲ್ಡಾ ಹತ್ತನೇ ತರಗತಿ ಮುಗಿಸಿದ ಬೇಸಿಗೆ. ಕಾಲೇಜಿನವರು ಮಾತಾಡಬಹುದಾದ ಮೊದಲ ದಿನ. ಬೆಳಿಗ್ಗೆಯೇ ಲಿಬ್ಬಿ ಏಪ್ರಿಕಾಟ್ ಕೊಲಾಚಿಯ ತಟ್ಟೆ ಹಿಡಿದು, ಯಾವ ಕೆಲಸವೂ ಇಲ್ಲದೆ ಸುಮ್ಮನೆ ಬಂದವಳಂತೆ, ಅಡುಗೆಮನೆಯಲ್ಲಿ ಕೂತಿದ್ದಳು. ಟಿಲ್ಡಾ ಹಟ್ಟಿಯಲ್ಲಿ ದನಕ್ಕೆ ನೀರು ತೋರಿಸುತ್ತಿದ್ದಳು. ಅವಳ ಫೋನು ಮೇಜಿನ ಮೇಲೆ ಬೆಣ್ಣೆಯ ತಟ್ಟೆಯ ಪಕ್ಕದಲ್ಲಿ. ನಾವು ಮೂವರೂ ಅದನ್ನು ನೋಡುತ್ತಿಲ್ಲ ಅನ್ನುವಂತೆ ನೋಡುತ್ತಿದ್ದೆವು.

ಅದು ಬಡಿದುಕೊಂಡಿತು.

ನನ್ನ ಬಲಗೈ ನನ್ನ ಮಾತು ಕೇಳಲಿಲ್ಲ. ಅರ್ಧ ಮೇಜು ದಾಟಿತ್ತು. ಆ ಎತ್ತರದ ಹೆಂಗಸಿನ ಹತ್ತಿರ ಕಾರ್ನಿಯಲ್ಲಿ ಕೂಗಿದ್ದಕ್ಕೆ ಕ್ಷಮೆ ಕೇಳಬೇಕು, ಟಿಲ್ಡಾಳ ಅಂಕ ಹೇಳಬೇಕು, ಗುಂಡಿಯ ಕಥೆ ಹೇಳಬೇಕು, ಇನ್ನೂ ಏನೇನೋ.

"ಮಿಲೋ," ಅಂದಳು ಲಿಬ್ಬಿ ಮೆಲ್ಲಗೆ. "ನಿನ್ನ ಕೈ."

ಆಕೆ ಆಗಲೇ ತನ್ನ ಕೈಗಳ ಮೇಲೆ ಕೂತಿದ್ದಳು. ನಾನು ಎರಡೂ ಕೈ ಎಳೆದುಕೊಂಡು ತೊಡೆಯ ಕೆಳಗಿಟ್ಟೆ, ಮೈಭಾರವನ್ನೆಲ್ಲ ಅವುಗಳ ಮೇಲೆ ಹಾಕಿದೆ. ಹಿಡಿದ ಮೀನಿನಂತೆ ಒದ್ದಾಡುತ್ತವೆ ನೋಡಿ ಅವು. ಇಷ್ಟು ವರ್ಷ, ಇಷ್ಟು ಮಕ್ಕಳಿಗಾಗಿ, ಈ ಹೆಂಗಸು ಇದನ್ನು ಹೇಗೆ ತಡೆದುಕೊಂಡಳು?

"ಟಿಲ್ಡಾ! ಫೋನು!" ಅಂತ ಲೊರೇನ್ ಹಿತ್ತಲಿಗೆ ಕೂಗಿದಳು, ಅವಳ ಬಾಯಲ್ಲಿ ನಾನು ಅಷ್ಟು ದೊಡ್ಡ ಕೂಗು ಕೇಳಿದ್ದು ಅದೇ ಮೊದಲು.

ಟಿಲ್ಡಾ ಬೂಟಿನ ಸಗಣಿಯ ಸಮೇತ ಓಡಿಬಂದಳು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ನನ್ನನ್ನು ನೋಡಿದಳು, ಲಿಬ್ಬಿಯನ್ನು ನೋಡಿದಳು, ಇಬ್ಬರೂ ಕೂತಿದ್ದ ಭಂಗಿ ನೋಡಿ ಅವಳ ಮುಖದಲ್ಲಿ ಕಾರ್ನಿಯ ಅದೇ ನಗೆ ಬಂತು. ಬೆನ್ನು ನೆಟ್ಟಗೆ ಮಾಡಿ, ಬೀಮೇರುವ ಮುಂಚೆ ಎಳೆದುಕೊಳ್ಳುವಂಥ ಉಸಿರು ಎಳೆದುಕೊಂಡು, ಫೋನೆತ್ತಿದಳು.

"ಹೌದು, ನಾನೇ," ಅಂದಳು. "ಹೇಳಿ, ನಿಮ್ಮ ದನಿ ಹೇಗಿರುತ್ತೆ ಅಂತ ಮೂರು ವರ್ಷದಿಂದ ಯೋಚನೆ ಮಾಡ್ತಿದ್ದೆ."